ಪಂಪನ ಪಾಠದಲ್ಲಿ ಭೂಪಟ ಮತ್ತು ಶಿಲಾಚಿತ್ರ

ಕನ್ನಡ ಸಾಹಿತ್ಯಚರಿತ್ರೆಯ ಬೋಧನೆಯು ಬಹುಮಟ್ಟಿಗೆ ಕಾಲಾನುಕ್ರಮವನ್ನೇ ಆಶ್ರಯಿಸಿ ನಡೆದುಬಂದಿದೆ. 1907ರಲ್ಲಿ ಮೊದಲ ಸಂಪುಟವಾಗಿ ಹೊರಬಂದ ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯು ಕವಿಗಳನ್ನು ಕಾಲಕ್ಕನುಸಾರವಾಗಿ ನಿಲ್ಲಿಸಿತು, ನಮ್ಮ ಪಾಠಗಳೂ ಆ ದಾರಿಯನ್ನೇ ಹಿಡಿದವು. ಕವಿಯ ಕಾಲದೊಡನೆ ಅವನ ದೇಶವನ್ನೂ ಕಣ್ಣಿಗೆ ತರಬಲ್ಲ ಎರಡು ಸಾಧನಗಳು ಈಗ ಒದಗಿವೆ: ಒಂದು, ಡಿಜಿಟಲ್ ಭೂಪಟ, ಇನ್ನೊಂದು, ಬೇಕಾದೆಡೆ ಹಿಗ್ಗಿಸಿ ನೋಡಬಹುದಾದ, ಮುಟ್ಟಿದಲ್ಲಿ ಟಿಪ್ಪಣಿ ತೋರುವ ಚಿತ್ರ. ಇವುಗಳ ಬಲಾಬಲವನ್ನು ಪಂಪನ ಪಾಠದ ಮೂಲಕ ಪರಿಶೀಲಿಸುವುದು ನಮ್ಮ ಉದ್ದೇಶ.

ಪಂಪನು 941ರ ಸುಮಾರಿನಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದುದು ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ. ಅವನ ವಂಶಮೂಲ ವೆಂಗಿನಾಡು. ತಾಯಿಯ ಕಡೆಯ ನಂಟು ಅಣ್ಣಿಗೇರಿಯದು. ಕಾವ್ಯದಲ್ಲಿ ಹಂಬಲದಿಂದ ನೆನೆದುದು ಬನವಾಸಿಯನ್ನು. ಪೂರ್ವದ ಕೃಷ್ಣಾ–ಗೋದಾವರಿಗಳ ಬಯಲಿನಿಂದ ಪಶ್ಚಿಮದ ಮಲೆಯಂಚಿನವರೆಗಿನ ಈ ವಿಸ್ತಾರವನ್ನು ಭೂಪಟವು ಒಂದೇ ನೋಟಕ್ಕೆ ತೋರಿಸುತ್ತದೆ. ಆದರೆ ಅದರಲ್ಲಿ ಎರಡು ದೋಷಗಳುಂಟು. ಆಶ್ರಯದ ಊರು, ವಂಶದ ಊರು, ಹಂಬಲದ ಊರು ಇವೆಲ್ಲವೂ ಅಲ್ಲಿ ಒಂದೇ ಬಗೆಯ ಚುಕ್ಕೆಗಳಾಗುತ್ತವೆ. ಇದಲ್ಲದೆ, ಇಂದಿನ ರಾಜ್ಯಗಳ ಗಡಿಗೆರೆಯು ಆ ಪಟದಲ್ಲಿರುವುದರಿಂದ ಆದಿಕವಿಯು ಪರನಾಡಿಗೆ ಹೋದವನಂತೆ ವಿದ್ಯಾರ್ಥಿಗೆ ತೋರುತ್ತದೆ. ವೇಮುಲವಾಡವೂ ಬನವಾಸಿಯೂ ಅಂದು ರಾಷ್ಟ್ರಕೂಟರ ಅಧೀನದಲ್ಲಿದ್ದವು. ವೇಮುಲವಾಡವನ್ನು ಒಳಗೊಂಡ ತೆಲಂಗಾಣ ರಾಜ್ಯವು ರಚಿತವಾದುದು 2014ರಲ್ಲಿ.

ಈ ಭ್ರಮೆಯನ್ನು ಕಳೆಯಬಲ್ಲದು ಚಿತ್ರ. ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬೊಮ್ಮಲಗುಟ್ಟದಲ್ಲಿ ಪಂಪನ ತಮ್ಮನಾದ ಜಿನವಲ್ಲಭನು ಬರೆಯಿಸಿದ ಶಾಸನವಿದೆ. ಬಂಡೆಯ ಮೇಲೆ ಜಿನಬಿಂಬಗಳೂ ಚಕ್ರೇಶ್ವರಿಯೂ ಇದ್ದು, ಕೆಳಗಿನ ಬರಹವು ಸಂಸ್ಕೃತ, ಕನ್ನಡ, ತೆಲುಗು ಎಂಬ ಮೂರು ಭಾಷೆಗಳಲ್ಲಿದೆ. ಕವಿಯ ವಂಶದ ವಿವರಗಳು ನಮಗೆ ಇಲ್ಲಿಯೂ ದೊರೆಯುತ್ತವೆ. ಚಿತ್ರವನ್ನು ಹಿಗ್ಗಿಸಿ ಸಾಲುಸಾಲಾಗಿ ನೋಡಿದ ವಿದ್ಯಾರ್ಥಿಗೆ, ಒಂದೇ ಮನೆತನವು ಮೂರು ಭಾಷೆಗಳನ್ನು ಒಂದೇ ಬಂಡೆಯ ಮೇಲೆ ಕೂಡಿಸಿದುದು ಪ್ರತ್ಯಕ್ಷವಾಗುತ್ತದೆ. ಆದರೆ ಈ ಬೆಟ್ಟವು ಬನವಾಸಿಗೆ ಎಷ್ಟು ದೂರವೆಂಬುದನ್ನು ಚಿತ್ರವು ಹೇಳಲಾರದು; ಆ ದೂರವನ್ನರಿಯದೆ ಕವಿಯ ಹಂಬಲದ ತೂಕವೂ ತಿಳಿಯದು.

ಆದುದರಿಂದ ಮೊದಲು ಶಿಲಾಚಿತ್ರ, ಅನಂತರ ಭೂಪಟ ಎಂಬ ಕ್ರಮವೇ ಯುಕ್ತವೆಂದು ನಮ್ಮ ಅಭಿಪ್ರಾಯ. ಪಟದಲ್ಲಿ ಶಾಸನಾಧಾರವುಳ್ಳ ಊರುಗಳಿಗೆ ಒಂದು ಬಣ್ಣವನ್ನೂ ಕಾವ್ಯಾಧಾರವುಳ್ಳವುಗಳಿಗೆ ಇನ್ನೊಂದನ್ನೂ ಕೊಡಬೇಕು; ಇಂದಿನ ಗಡಿಗಳನ್ನು ಮರೆಮಾಡಬೇಕು. ಚುಕ್ಕೆಯನ್ನಿಡುವ ಮೊದಲು ಅದರ ಆಧಾರವನ್ನು ಕಣ್ಣಾರೆ ಕಂಡ ವಿದ್ಯಾರ್ಥಿಯು ಸಾಧನಕ್ಕೆ ಮರುಳಾಗಲಾರನು. ಸಾಹಿತ್ಯಚರಿತ್ರೆಯ ಶಿಕ್ಷಣವು ಅಪೇಕ್ಷಿಸುವುದು ಈ ವಿವೇಕವನ್ನೇ.