ಸಿಇಟಿಯಿಂದ ಪದವಿಯವರೆಗೆ: ವಿದ್ಯಾರ್ಥಿಗಳು ಅರಿತಿರಬೇಕಾದ ಪದಗಳು

ಕಾಲೇಜು ಪ್ರವೇಶದ ಪರಿಭಾಷೆ ಪ್ರೌಢಶಾಲೆಯ ಪಠ್ಯದಲ್ಲಿಲ್ಲ. ಅದರ ಅರ್ಥ ತಿಳಿಯದೆ ಉತ್ತಮ ರ್‍ಯಾಂಕ್ ಪಡೆದವರೂ ಬಯಸಿದ ಸೀಟು ಕಳೆದುಕೊಳ್ಳುವ ಸಂಭವವುಂಟು. ಪಿಯುಸಿ ಸೇರುವ ಮುನ್ನವೇ ತಿಳಿದಿರಬೇಕಾದ ಕೆಲವು ಪದಗಳ ವಿವರ ಇಲ್ಲಿದೆ.

ಸಿಇಟಿ: ಕರ್ನಾಟಕದಲ್ಲಿ 1994ರಲ್ಲಿ ಆರಂಭವಾದ ಸಾಮಾನ್ಯ ಪ್ರವೇಶ ಪರೀಕ್ಷೆ. ಈಗ ಇದನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಇಂಜಿನಿಯರಿಂಗ್ ರ್‍ಯಾಂಕ್ ನಿಗದಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತದಲ್ಲಿ ಪಡೆದ ಸಿಇಟಿ ಅಂಕ ಹಾಗೂ ದ್ವಿತೀಯ ಪಿಯುಸಿ ಅಂಕಗಳಿಗೆ ತಲಾ ಶೇ. 50ರಷ್ಟು ಪ್ರಾಶಸ್ತ್ಯ. ವೈದ್ಯಕೀಯ ಮತ್ತು ದಂತ ವೈದ್ಯಕೀಯಕ್ಕೆ ನೀಟ್ ಆಧಾರ.

ಕಾಮೆಡ್-ಕೆ: ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಒಕ್ಕೂಟ. ಇದರ ಪ್ರವೇಶ ಪರೀಕ್ಷೆ ಪ್ರತ್ಯೇಕ. ಒಂದೇ ಕಾಲೇಜಿನಲ್ಲಿ ಸರ್ಕಾರಿ ಕೋಟಾ, ಕಾಮೆಡ್-ಕೆ ಹಾಗೂ ಆಡಳಿತ ಮಂಡಳಿ ಕೋಟಾದ ಶುಲ್ಕಗಳು ಬೇರೆ ಬೇರೆ. ದೊರೆಯುವ ಪದವಿ ಒಂದೇ.

ಮೀಸಲಾತಿ: ಜಾತಿ ಪ್ರವರ್ಗಗಳಲ್ಲದೆ, 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲಾತಿಯಿದೆ. ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಸಂವಿಧಾನದ 371(ಜೆ) ವಿಧಿಯ ಸೌಲಭ್ಯವುಂಟು. ಇವುಗಳನ್ನು ಅರ್ಜಿಯಲ್ಲೇ ಕೋರಿ, ಪ್ರಮಾಣಪತ್ರ ಸಿದ್ಧವಿಟ್ಟುಕೊಳ್ಳುವುದು ಅಗತ್ಯ.

ಆಪ್ಷನ್ ಎಂಟ್ರಿ: ಬಯಸುವ ಕಾಲೇಜು ಮತ್ತು ಕೋರ್ಸ್‌ಗಳನ್ನು ಆದ್ಯತೆಯ ಕ್ರಮದಲ್ಲಿ ದಾಖಲಿಸುವುದು. ಪಟ್ಟಿಯನ್ನು ಮೇಲಿನಿಂದ ಪರಿಶೀಲಿಸುತ್ತಾ, ರ್‍ಯಾಂಕಿಗೆ ಎಟಕುವ ಮೊದಲ ಸೀಟನ್ನು ಹಂಚಲಾಗುತ್ತದೆ. ಆದ್ದರಿಂದ ಕೈಗೆಟುಕದೆಂದು ತೋರಿದರೂ ಅತಿ ಇಷ್ಟದ ಕೋರ್ಸನ್ನು ಮೊದಲು ಬರೆಯುವುದರಿಂದ ನಷ್ಟವಿಲ್ಲ. ಕಡಿಮೆ ಇಷ್ಟದ್ದನ್ನು ಮೇಲೆ ಬರೆದು ಅದೇ ಹಂಚಿಕೆಯಾದರೆ, ಕೆಳಗಿನ ಆಯ್ಕೆಗಳು ಮುಂದಿನ ಸುತ್ತಿನಲ್ಲಿ ಪರಿಗಣನೆಗೆ ಬರುವುದಿಲ್ಲ. ಅಣಕು ಸೀಟು ಹಂಚಿಕೆಯ ಫಲಿತಾಂಶ ನೋಡಿ ಕ್ರಮ ಬದಲಿಸಲು ಅವಕಾಶವಿದೆ.

ನಾಲ್ಕು ಛಾಯ್ಸ್‌ಗಳು: ಸೀಟು ಹಂಚಿಕೆಯ ನಂತರ ಅಭ್ಯರ್ಥಿ ಸೂಚಿಸಬೇಕಾದ ತೀರ್ಮಾನ. ಛಾಯ್ಸ್ 1 ಎಂದರೆ ಶುಲ್ಕ ಕಟ್ಟಿ ಕಾಲೇಜು ಸೇರುವುದು, ಮುಂದಿನ ಸುತ್ತುಗಳಿಲ್ಲ. ಛಾಯ್ಸ್ 2ರಲ್ಲಿ ಸೀಟು ಉಳಿಸಿಕೊಂಡೇ ಮೇಲಿನ ಆಯ್ಕೆಗೆ ಕಾಯಬಹುದು. ಅದು ಸಿಕ್ಕರೆ ಹಿಂದಿನ ಸೀಟು ತಾನಾಗಿ ರದ್ದಾಗುತ್ತದೆ. ಛಾಯ್ಸ್ 3 ಎಂದರೆ ಸೀಟನ್ನು ನಿರಾಕರಿಸಿ ಮುಂದಿನ ಸುತ್ತಿಗೆ ಹೋಗುವುದು. ಛಾಯ್ಸ್ 4 ಎಂದರೆ ಇಡೀ ಪ್ರಕ್ರಿಯೆಯಿಂದ ಹೊರಬರುವುದು. 2 ಮತ್ತು 3ರ ನಡುವಿನ ವ್ಯತ್ಯಾಸ ಅರಿಯದವರು ಕೈಯಲ್ಲಿದ್ದ ಸೀಟನ್ನೂ ಕಳೆದುಕೊಳ್ಳುತ್ತಾರೆ.

ಸಂಯೋಜಿತ, ಸ್ವಾಯತ್ತ, ಡೀಮ್ಡ್: ಸಂಯೋಜಿತ ಕಾಲೇಜಿನ ಪಠ್ಯ, ಪರೀಕ್ಷೆ, ಪದವಿ ಮೂರೂ ವಿಶ್ವವಿದ್ಯಾಲಯದವು. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಡಿ ಇಂತಹ ಅನೇಕ ಕಾಲೇಜುಗಳಿವೆ. ಸ್ವಾಯತ್ತ ಕಾಲೇಜು ಪಠ್ಯ, ಪರೀಕ್ಷೆಗಳನ್ನು ತಾನೇ ರೂಪಿಸಿದರೂ ಪದವಿ ನೀಡುವುದು ವಿಶ್ವವಿದ್ಯಾಲಯವೇ. 1956ರ ಯುಜಿಸಿ ಕಾಯ್ದೆಯಡಿ ಮಾನ್ಯತೆ ಪಡೆದ ಡೀಮ್ಡ್ ಸಂಸ್ಥೆ ಸ್ವತಃ ಪದವಿ ನೀಡುತ್ತದೆ.

ಆನರ್ಸ್: ರಾಜ್ಯದಲ್ಲಿ 2021-22ರಲ್ಲಿ ಜಾರಿಗೆ ಬಂದ 4 ವರ್ಷಗಳ ಆನರ್ಸ್ ಪದ್ಧತಿಯನ್ನು ಸರ್ಕಾರ 2024-25ರಿಂದ ಕೈಬಿಟ್ಟು, ಬಿಎ, ಬಿಎಸ್ಸಿ, ಬಿಕಾಂ ಪದವಿಗಳನ್ನು ಮತ್ತೆ 3 ವರ್ಷಕ್ಕೆ ಇಳಿಸಿತು.

ಲ್ಯಾಟರಲ್ ಎಂಟ್ರಿ: 3 ವರ್ಷಗಳ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಮಾರ್ಗ.

ಶುಲ್ಕ ಮತ್ತು ನಿಯಮಗಳು ಬದಲಾಗುತ್ತಿರುವುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಪೋಷಕರೂ ಮಕ್ಕಳೊಡನೆ ಕುಳಿತು ಓದುವುದು ಒಳಿತು.