ಕೇಳಿದ ಮೃಗ, ಕೇಳದ ತೋಳ



ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿಯುವವರಿಗೆ ಗೊತ್ತು, ಲೇಡೀಸ್ ಡಬ್ಬಿಯ ಆ ನೂಕುನುಗ್ಗಲಿನಲ್ಲೂ ಒಂದು ಕೈಯಲ್ಲಿ ಪುಸ್ತಕ ಹಿಡಿದು ಓದುವ ಹುಡುಗಿಯರಿರುತ್ತಾರೆ. ಮೊನ್ನೆ ನನ್ನ ಪಕ್ಕ ನಿಂತಿದ್ದವಳ ಪುಸ್ತಕದ ಮುಖಪುಟದಲ್ಲಿ ಹುಣ್ಣಿಮೆ ಚಂದ್ರ, ಅದರ ಕೆಳಗೆ ಅರ್ಧ ಗಂಡಸು, ಅರ್ಧ ತೋಳ! ಅವಳು ಫೋನಿನಲ್ಲಿ ಅಮ್ಮನ ಹತ್ತಿರ ಕನ್ನಡದಲ್ಲಿ ಮಾತಾಡಿದ್ದರಿಂದ ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಏನಮ್ಮಾ ಅದು?" ಅವಳು ನಕ್ಕಳು. "ತೋಳ ಆಗೋ ಹುಡುಗನ ಲವ್ ಸ್ಟೋರಿ ಆಂಟಿ. ಹಿಡಿದ್ರೆ ಬಿಡೋಕಾಗಲ್ಲ. ಆದ್ರೆ ಮುಗಿಸಿದ ಮೇಲೆ ಯಾಕೋ ಸಿಟ್ಟು ಬರುತ್ತೆ."

ಠಾಣೆಯಲ್ಲಿ ಅವಳು ಇಳಿದುಹೋದಳು. ಅವಳ ಮಾತು ಮಾತ್ರ ದಾದರ್ ತನಕ ನನ್ನ ಜೊತೆಗೇ ಬಂತು. ಬಿಡೋಕಾಗಲ್ಲ ಯಾಕೆ? ಸಿಟ್ಟು ಬರುವುದು ಯಾಕೆ? ಎರಡಕ್ಕೂ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ, ಅಂದರೆ ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಹೋಗಬೇಕು.

ಬೇಕಾದ ರೂಪ ತಾಳಬಲ್ಲವರನ್ನು ನಮ್ಮ ಪುರಾಣಗಳು 'ಕಾಮರೂಪಿ' ಎಂದು ಕರೆದವು. ಇಂಥವರ ಪ್ರೇಮಕಥೆ ಎಲ್ಲ ನಾಡಿನಲ್ಲೂ ಇದೆ. ಎರಡನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಲ್ಯಾಟಿನ್ ಲೇಖಕ ಅಪುಲಿಯಸ್ ಬರೆದ ಕಥೆಯಲ್ಲಿ ಸೈಕಿ ಎಂಬ ಹುಡುಗಿಯ ಗಂಡ ಕತ್ತಲಲ್ಲಿ ಮಾತ್ರ ಬರುತ್ತಾನೆ, ಮುಖ ನೋಡಬಾರದು ಎನ್ನುತ್ತಾನೆ. ಅಕ್ಕಂದಿರು "ಅವನು ಘೋರ ಸರ್ಪ ಕಣೇ" ಎಂದು ಹೆದರಿಸುತ್ತಾರೆ. ದೀಪ ಹಚ್ಚಿ ನೋಡಿದರೆ ಮಲಗಿದ್ದವನು ಸಾಕ್ಷಾತ್ ಪ್ರೇಮದೇವತೆ! ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಮಾರಿ ದ ಫ್ರಾನ್ಸ್ ಎಂಬ ಕವಯಿತ್ರಿ ಬರೆದ 'ಬಿಸ್ಕ್ಲಾವ್ರೆ' ಇದಕ್ಕೆ ತಿರುಗುಮುರುಗು. ಅಲ್ಲಿ ವಾರಕ್ಕೆ ಮೂರು ದಿನ ತೋಳವಾಗುವ ಗಂಡ ಒಳ್ಳೆಯವನು. ಗುಟ್ಟು ತಿಳಿದ ಹೆಂಡತಿ ಅವನ ಬಟ್ಟೆ ಕದಿಸಿ, ಅವನು ಮತ್ತೆ ಮನುಷ್ಯನಾಗದಂತೆ ಮಾಡುತ್ತಾಳೆ.

ಗಂಡ ಎಂದರೆ ಯಾರು? ಹಗಲಲ್ಲಿ ಕಂಡವನೇ ರಾತ್ರಿಯಲ್ಲೂ ಇರುತ್ತಾನೆಯೇ? ಮುಖ ನೋಡದೆ ಮದುವೆಯಾಗಿ ಗುರುತಿಲ್ಲದ ಮನೆಗೆ ಹೋಗುತ್ತಿದ್ದ ಹೆಣ್ಣುಮಕ್ಕಳಿಗೆ ಇದು ಬರೀ ಕಾಲ್ಪನಿಕ ಪ್ರಶ್ನೆಯಾಗಿರಲಿಲ್ಲ. ಈ ಕಥೆಗಳ ಸೆಳೆತದ ಗುಟ್ಟು ಇಲ್ಲಿದೆ. ಭಯ ಮತ್ತು ಆಸೆ ಒಂದೇ ಮೈಯಲ್ಲಿ ಕೂತಿರುತ್ತವೆ. ಹಲ್ಲು ಉಗುರು ಇರುವವನು ನನ್ನ ಮುಂದೆ ಮಾತ್ರ ಮೆತ್ತಗಾಗಲಿ ಎಂಬ ಕನಸು ಹಳೆಯದು.

ಈ ಕನಸಿಗೆ ಅಚ್ಚುಕಟ್ಟಾದ ರೂಪ ಬಂದದ್ದು ಫ್ರೆಂಚ್ ಭಾಷೆಯಲ್ಲಿ. 1740ರಲ್ಲಿ ಮದಾಮ್ ದ ವಿಲ್ನವ್ ಎಂಬಾಕೆ 'ಬ್ಯೂಟಿ ಅಂಡ್ ದಿ ಬೀಸ್ಟ್' ಎಂದು ನಾವೆಲ್ಲ ಬಲ್ಲ ಕಥೆಯನ್ನು ದೊಡ್ಡದಾಗಿ ಬರೆದರು. 1756ರಲ್ಲಿ ಲಂಡನ್ನಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಮದಾಮ್ ಲಪ್ರಾನ್ಸ್ ದ ಬೋಮೋಂ ಅದನ್ನು ಚಿಕ್ಕದು ಮಾಡಿದರು. ಇಂದು ಪ್ರಪಂಚಕ್ಕೆ ಗೊತ್ತಿರುವುದು ಹೆಚ್ಚಾಗಿ ಈ ಚಿಕ್ಕ ಕಥೆಯೇ. ಎರಡರಲ್ಲೂ ಒಂದು ಸಂಗತಿ ಗಮನಿಸಿ. ಮೃಗ ದಿನಾ ರಾತ್ರಿ ಕೇಳುತ್ತದೆ! ಮೊದಲನೆಯದರಲ್ಲಿ "ನಿನ್ನ ಜೊತೆ ಮಲಗಲು ಒಪ್ಪಿಗೆಯೇ?" ಎಂದು, ಎರಡನೆಯದರಲ್ಲಿ "ನನ್ನ ಹೆಂಡತಿಯಾಗುತ್ತೀಯಾ?" ಎಂದು. ಅವಳು ಇಲ್ಲ ಎನ್ನುತ್ತಾಳೆ. ಮೃಗ ಸುಮ್ಮನೆ ಎದ್ದು ಹೋಗುತ್ತದೆ. ಮರುದಿನ ಮತ್ತೆ ಕೇಳುತ್ತದೆ. ಅರಮನೆ, ಶಕ್ತಿ ಎಲ್ಲ ಅದರ ಕೈಯಲ್ಲೇ ಇದೆ, ಆದರೆ ಅವಳ ಬಾಯಿಂದ 'ಹೂಂ' ಬರುವವರೆಗೆ ಕಥೆ ಮುಂದಕ್ಕೆ ಹೋಗುವುದಿಲ್ಲ. ತಂದೆ ನಿಶ್ಚಯಿಸಿದ ಕಡೆ ಮಗಳು ಹೋಗಬೇಕಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಈಗ ನಮ್ಮ ಕಾಲಕ್ಕೆ ಬರೋಣ. 1999ರಲ್ಲಿ ಅಮೆರಿಕದ ಕ್ರಿಸ್ಟೀನ್ ಫೀಹನ್ 'ಡಾರ್ಕ್ ಪ್ರಿನ್ಸ್' ಬರೆದರು. 2006ರಲ್ಲಿ ನ್ಯೂಜಿಲೆಂಡಿನ ನಳಿನಿ ಸಿಂಗ್ ಅವರ ಚಿರತೆ ಮನುಷ್ಯರ ಸರಣಿ ಶುರುವಾಯಿತು. 2005ರಲ್ಲಿ ಬಂದ ಸ್ಟೆಫನಿ ಮೆಯರ್ ಅವರ 'ಟ್ವೈಲೈಟ್' ಅಂತೂ ಊರೂರು ತಲುಪಿತು. ಅದರ ಮುಂದಿನ ಭಾಗಗಳಲ್ಲಿ ಜೇಕಬ್ ಎಂಬ ಹುಡುಗ ತೋಳವಾಗುತ್ತಾನೆ. ಹೀಗೆ ಬೆಳೆದ ಈ ಬಗೆಯ ಕಾದಂಬರಿಗಳಲ್ಲಿ ಒಂದು ಹೊಸ ನಿಯಮ ಗಟ್ಟಿಯಾಯಿತು, ವಿಧಿ ಬರೆದ ಜೋಡಿ. ತೋಳಕ್ಕೆ ಅವಳ ವಾಸನೆ ಬಂತೋ, ಕಣ್ಣು ಬಿತ್ತೋ, ಮುಗಿಯಿತು, ಅವಳು ಅವನವಳು. ಕೇಳುವ ಮಾತೇ ಇಲ್ಲ!

ಹುಡುಗಿಯ ಸಿಟ್ಟಿನ ಮೂಲ ಇದೇ ಎಂದು ನನಗನ್ನಿಸುತ್ತದೆ. 2007ರ 'ಎಕ್ಲಿಪ್ಸ್'ನಲ್ಲಿ ಜೇಕಬ್ ಬೆಲ್ಲಾಳಿಗೆ ಬಲವಂತವಾಗಿ ಮುತ್ತಿಡುತ್ತಾನೆ. ಅವಳು ಗುದ್ದಿದರೆ ಮುರಿಯುವುದು ಅವಳದೇ ಕೈ. 2008ರ 'ಬ್ರೇಕಿಂಗ್ ಡಾನ್'ನಲ್ಲಿ ಆಗ ತಾನೇ ಹುಟ್ಟಿದ ಅವಳ ಮಗಳ ಜೊತೆ ಜೇಕಬ್‌ಗೆ ವಿಧಿಯ ನಂಟು ಬಿದ್ದುಬಿಡುತ್ತದೆ. ಎಷ್ಟೋ ಅಭಿಮಾನಿಗಳಿಗೇ ಇದು ಗಂಟಲಲ್ಲಿ ಇಳಿಯಲಿಲ್ಲ. ಇದರ ಜೊತೆ ಇನ್ನೊಂದು ಕಸಿವಿಸಿ. ಜೇಕಬ್‌ನ ಕುಲ ಎಂದು ಕಾದಂಬರಿ ಹೇಳುವ ಕ್ವಿಲಿಯೂಟ್ ಜನ ವಾಷಿಂಗ್ಟನ್ ರಾಜ್ಯದ ಕಡಲತೀರದಲ್ಲಿ ನಿಜವಾಗಿ ಬದುಕುತ್ತಿರುವವರು. ತಮ್ಮ ಪೂರ್ವಿಕರು ತೋಳಗಳಿಂದ ಮನುಷ್ಯರಾದವರು ಎಂಬ ಕಥೆ ಅವರಲ್ಲಿದೆ. ಆದರೆ ಈ ವಿಧಿಯ ನಂಟು ಲೇಖಕಿಯ ಕಲ್ಪನೆ, ಅವರ ಪರಂಪರೆಯದಲ್ಲ.

ಇತ್ತೀಚಿನವರು ಈ ಮುಳ್ಳನ್ನು ಗಮನಿಸಿದಂತಿದೆ. ಸಾರಾ ಜೆ. ಮಾಸ್ 2015ರಲ್ಲಿ ಶುರು ಮಾಡಿದ ಸರಣಿಯ ಮೊದಲ ಪುಸ್ತಕದಲ್ಲಿ ಅದೇ ಹಳೆಯ ಮೃಗದ ಕಥೆಯ ಎಳೆಯಿದೆ. ಎರಡನೆಯದರಲ್ಲಿ ವಿಧಿಯ ಜೋಡಿಯ ವಿಷಯವನ್ನು ನಾಯಕ ಬಚ್ಚಿಟ್ಟನೆಂದು ನಾಯಕಿ ಸಿಡಿದೇಳುತ್ತಾಳೆ. ಕೊನೆಗೆ ಒಪ್ಪುವುದೂ ಅವಳ ಕೈಯಲ್ಲೇ. ತಾನಾಗಿ ಊಟ ಬಡಿಸಿದರೆ ಮಾತ್ರ ಒಪ್ಪಿಗೆ. ನಂಟು ವಿಧಿಯದೇ ಆದರೂ ಪ್ರಶ್ನೆಯಂತೂ ವಾಪಸ್ಸು ಬಂತು!

ನಮ್ಮ ಮನೆಯ ಕಡೆಗೂ ಒಮ್ಮೆ ನೋಡೋಣ. ಮಹಾಭಾರತದ ಹಿಡಿಂಬೆ ರಾಕ್ಷಸಿ. ಭೀಮನನ್ನು ಮೆಚ್ಚಿ ಸುಂದರಿಯಾಗಿ ಬರುತ್ತಾಳೆ. ರೂಪ ಬದಲಿಸಿದಳೇ ಹೊರತು ಸುಳ್ಳು ಹೇಳಲಿಲ್ಲ. ತಾನು ಯಾರು, ಅಣ್ಣ ಯಾಕೆ ಕಳಿಸಿದ ಎಂಬುದನ್ನೆಲ್ಲ ಭೀಮನಿಗೆ ತಿಳಿಸುತ್ತಾಳೆ. ಆಮೇಲೆ ಕುಂತಿಯ ಮುಂದೆ ನಿಂತು ಅವನನ್ನು ಬೇಡುತ್ತಾಳೆ. ನೋಡಿ, ಕೇಳುವ ಧೈರ್ಯ ರಾಕ್ಷಸಿಗಿತ್ತು.

ಎ. ಕೆ. ರಾಮಾನುಜನ್ ಕನ್ನಡ ಹೆಂಗಸರಿಂದ ಸಂಗ್ರಹಿಸಿದ ಹೂಮರದ ಕಥೆ ಇನ್ನೂ ಮುಂದೆ ಹೋಗುತ್ತದೆ. ಬಡ ಹುಡುಗಿ ಎರಡು ಕೊಡ ನೀರಿನಿಂದ ಹೂಬಿಡುವ ಮರವಾಗುತ್ತಾಳೆ, ಮತ್ತೆ ನೀರು ಸುರಿದರೆ ಹುಡುಗಿ. ಮದುವೆಯಾದ ರಾಜಕುಮಾರ ಹೂವಿಗಾಗಿ ಅವಳನ್ನು ಒತ್ತಾಯಿಸುತ್ತಾನೆ. ನಾದಿನಿಯೂ ಒತ್ತಾಯಿಸಿ, ತೋಟದಲ್ಲಿ ಗೆಳತಿಯರೊಡನೆ ಕೊಂಬೆ ಮುರಿದು ಬಿಟ್ಟುಹೋಗುತ್ತಾಳೆ. ಹುಡುಗಿ ಕೈಕಾಲಿಲ್ಲದೆ ಉಳಿಯುತ್ತಾಳೆ. ಒಲ್ಲದವಳ ರೂಪ ಬದಲಿಸಿದರೆ ಏನಾಗುತ್ತದೆ ಎಂಬುದನ್ನು ಅಡುಗೆಮನೆಯ ಅಜ್ಜಿಯರು ಹೀಗೆ ಹೇಳಿಬಿಟ್ಟರು. ಗಿರೀಶ ಕಾರ್ನಾಡರು ಇದನ್ನು 1992ರಲ್ಲಿ 'ಚೆಲುವಿ' ಎಂಬ ಹಿಂದಿ ಚಿತ್ರ ಮಾಡಿದರು. ಜಾನ್ ಆಡಮ್ಸ್ ಅವರ ಸಂಗೀತದಲ್ಲಿ 2006ರಲ್ಲಿ ವಿಯೆನ್ನಾದಲ್ಲಿ ಇದು ಆಪೆರಾ ಆಯಿತು.

ರಾಮಾನುಜನ್ ಅವರಿಂದಲೇ ಕೇಳಿದ ಎರಡು ಕಥೆಗಳಿಂದ ಕಾರ್ನಾಡರು 'ನಾಗಮಂಡಲ' ಬರೆದರು. ನಾಗಾಭರಣರ 1997ರ ಚಿತ್ರ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗಂಡ ಅಪ್ಪಣ್ಣ ರಾಣಿಯನ್ನು ಮನೆಯೊಳಗೆ ಬೀಗ ಹಾಕಿ ಹೋಗುತ್ತಾನೆ. ನಾಗ ಅವನದೇ ರೂಪದಲ್ಲಿ ರಾತ್ರಿ ಬರುತ್ತಾನೆ, ಪ್ರೀತಿಯಿಂದ ಮಾತಾಡುತ್ತಾನೆ. ಆದರೆ ತಾನು ಯಾರೆಂದು ನಾಗನೂ ಹೇಳುವುದಿಲ್ಲ, ಪ್ರಶ್ನೆ ಕೇಳಬೇಡ ಎನ್ನುತ್ತಾನೆ. ಪ್ರೀತಿ ನಿಜ, ಮೋಸವೂ ನಿಜ. ನಾಟಕ ಇದನ್ನು ಮುಚ್ಚಿಡುವುದಿಲ್ಲ. ಅದಕ್ಕೇ ಒಂದು ಮುಕ್ತಾಯ ಸಾಲದೆ ಮತ್ತೊಂದು ಮುಕ್ತಾಯ ಕೊಡುತ್ತದೆ.

ಹಾಗಾಗಿ ಆ ಹುಡುಗಿ ಮತ್ತೆ ಸಿಕ್ಕರೆ ಪುಸ್ತಕ ಬಿಸಾಕು ಎನ್ನುವುದಿಲ್ಲ. ಓದು ಮಗಳೇ, ಖುಷಿಯಾಗಿ ಓದು. ತೋಳವೋ ನಾಗನೋ ಚಿರತೆಯೋ, ಬಂದವನು ಕೇಳಿದನೇ ಎಂಬುದೊಂದನ್ನು ನೋಡಿಕೋ. ಕೇಳದಿದ್ದರೆ ನಿನಗೆ ಬಂದ ಸಿಟ್ಟು ಸರಿಯಾದದ್ದೇ.

ನಿಮ್ಮ ಅಜ್ಜಿ ಹೇಳಿದ ರೂಪ ಬದಲಾಗುವ ಕಥೆಗಳಿದ್ದರೆ ಬರೆದು ಕಳಿಸಿ, ನಮ್ಮ ಕನ್ನಡದ ಹೊತ್ತಿನಲ್ಲಿ ಓದೋಣ. ಮತ್ತೆ ಸಿಗೋಣ.