ಬಾಲ ಸವೆದ ಪದ

ಏಳನೆಯ ತರಗತಿಯ ಹುಡುಗಿಯೊಬ್ಬಳು 'ದಿ ಸ್ಟಾರ್ ಶೋನ್ ಬ್ರೈಟ್' ಎಂದು ಬರೆದಿದ್ದಳು. ನಾನು ಕೆಂಪು ಶಾಯಿಯಲ್ಲಿ 'ಬ್ರೈಟ್‌ಲಿ' ಎಂದು ತಿದ್ದಿ ಅರ್ಧ ಅಂಕ ಕಳೆದೆ. "ಕಥೆ ಪುಸ್ತಕದಲ್ಲಿ ಹೀಗೇ ಇದೆಯಲ್ಲಾ ಟೀಚರ್?" ಎಂದಳು. "ಅದು ಅಚ್ಚಿನ ತಪ್ಪು" ಎಂದು ಬಾಯಿ ಮುಚ್ಚಿಸಿದೆ.

ತಪ್ಪು ನನ್ನದೆಂದು ತಿಳಿದದ್ದು ವರ್ಷಗಳ ಮೇಲೆ, ದೊಡ್ಡ ನಿಘಂಟು ತೆರೆದಾಗ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಗುಣವಾಚಕಕ್ಕೆ 'ಎ' ಎಂಬ ಬಾಲ ಹಚ್ಚಿದರೆ ಕ್ರಿಯಾವಿಶೇಷಣವಾಗುತ್ತಿತ್ತು. ಜನರ ನಾಲಿಗೆಯಲ್ಲಿ ಆ ಬಾಲ ಸವೆದುಹೋಗಿ ಎರಡೂ 'ಬ್ರೈಟ್' ಎಂದೇ ಉಳಿದವು. 'ಲಿ' ಬಂದದ್ದು 'ಲೀಚೆ' ಎಂಬ ಬೇರೆ ಪ್ರತ್ಯಯದಿಂದ. ಅದರ ಬೇರಿನಲ್ಲಿರುವುದು ದೇಹ ಎಂಬ ಅರ್ಥದ ಪದ. ಎರಡು ರೂಪಗಳೂ ಹಳೆಯವೇ. 'ಲಿ' ಇಲ್ಲದ ಪ್ರಯೋಗಗಳನ್ನು ತಪ್ಪೆಂದು ಎಣಿಸತೊಡಗಿದವರು 18ನೆಯ ಶತಮಾನದ ವ್ಯಾಕರಣಕಾರರು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಅವರಲ್ಲೊಬ್ಬರು. ಅವರ ಶಾಯಿ ನನ್ನ ಲೇಖನಿಗೂ ಇಳಿದಿತ್ತು.

ನಕ್ಷತ್ರ, ದೀಪ, ಬೆಂಕಿ ಬೆಳಗುವಾಗ ಎರಡೂ ಸರಿ. 'ಬ್ರೈಟ್' ಎಂದರೆ ಬೆಳಕೇ ಕಣ್ಣಿಗೆ ಕಟ್ಟುತ್ತದೆ. 'ಬ್ರೈಟ್‌ಲಿ' ಎಂದರೆ ಬೆಳಗುವ ರೀತಿ. ಆದರೆ ಮಗು ಮುಖ ಅರಳಿಸಿ ನಕ್ಕರೆ 'ಬ್ರೈಟ್‌ಲಿ'ಯೇ ಬೇಕು. ನಾವೂ 'ಚೆಂದ ಹಾಡ್ತಾಳೆ' ಎನ್ನುತ್ತೇವೆ, 'ಚೆಂದವಾಗಿ ಹಾಡುತ್ತಾಳೆ' ಎಂದೂ ಬರೆಯುತ್ತೇವೆ. ಯಾರು ತಿದ್ದುತ್ತಾರೆ ಹೇಳಿ?

ಆ ಹುಡುಗಿ ಈಗ ಎಲ್ಲಿದ್ದಾಳೋ. ಅರ್ಧ ಅಂಕದ ಸಾಲ ಹಾಗೇ ಇದೆ. ಅದಕ್ಕಿಂತ ದೊಡ್ಡದು, "ನೀನು ಕೇಳಿದ್ದು ಸರಿ ಮಗಳೇ" ಎಂದು ಅಂದೇ ಹೇಳಬೇಕಿದ್ದ ಮಾತು.